ನನ್ನ ಕೈಬರಹದಲ್ಲಿದ್ದ ಅರ್ಜಿ

ನಾಗಪುರಕ್ಕೆ ಬಂದ ಮೂರನೆಯ ಬೆಳಿಗ್ಗೆ, ಏಳು ಗಂಟೆಗೆ, ತರಕಾರಿ ಗಾಡಿಯವನೊಬ್ಬ ನಡುಬೀದಿಯಲ್ಲಿ ನನ್ನತ್ತ ತಿರುಗಿ "ಜೈಭೀಮ್, ಆಜಿ" ಎಂದು ಗಟ್ಟಿಯಾಗಿ ಹೇಳಿದ. ನಾನು ಹಿಂದಕ್ಕೆ ತಿರುಗಿ ನೋಡಿದೆ. ಹಿಂದೆ ಯಾರೂ ಇರಲಿಲ್ಲ. ಆಜಿ ಎಂದರೆ ಮರಾಠಿಯಲ್ಲಿ ಅಜ್ಜಿ. ಅವನು ಹೇಳಿದ್ದು ನನಗೇ.

ಹಾಸನ ಜಿಲ್ಲೆಯಲ್ಲಿ ಅರವತ್ತು ವರ್ಷ ಕಳೆದವಳು ನಾನು. ಅಲ್ಲಿ ನಾವೂ ಹೀಗೆ ನಮಸ್ಕಾರ ಹೇಳುತ್ತಿದ್ದೆವು. ಸಭೆಯಲ್ಲಿ ಹೇಳುತ್ತಿದ್ದೆವು, ನೆಂಟರ ಮನೆಯಲ್ಲಿ ಬಾಗಿಲು ಹಾಕಿಕೊಂಡ ಮೇಲೆ ಹೇಳುತ್ತಿದ್ದೆವು. ಬಸ್ ಸ್ಟ್ಯಾಂಡಿನಲ್ಲಿ ಪರಿಚಯದವರು ಸಿಕ್ಕರೆ ಅಕ್ಕಪಕ್ಕ ನೋಡಿ ದನಿ ಇಳಿಸಿ ಹೇಳುತ್ತಿದ್ದೆವು. ಬೆಂಡೆಕಾಯಿ ತೂಗುತ್ತಾ ಬೀದಿಗೆಲ್ಲ ಕೇಳುವಂತೆ ಹೇಳಿದವರನ್ನು ನಾನು ಕಂಡಿರಲಿಲ್ಲ. ನಾನು ತಲೆಯಾಡಿಸಿದೆ. ಅವನು ಬೆಂಡೆಕಾಯಿಯ ಮೇಲೆ ಒಂದು ಸಣ್ಣ ಈರುಳ್ಳಿ ಹಾಕಿ "ಊನ್ ಲಾಗೇಲ್" ಎಂದ. ಬಿಸಿಲು ಬಡಿದೀತು ಎಂದು ಅರ್ಥ. ಇಲ್ಲಿ ಬೇಸಿಗೆಯಲ್ಲಿ ಹೊರಗೆ ಹೊರಟವರು ಜೇಬಿನಲ್ಲೋ ಸೆರಗಿನ ತುದಿಯಲ್ಲೋ ಒಂದು ಈರುಳ್ಳಿ ಇಟ್ಟುಕೊಳ್ಳುತ್ತಾರೆ. ಬಿಸಿಲು ಈರುಳ್ಳಿಗೆ ಬಡಿದು ಮನುಷ್ಯನನ್ನು ಬಿಡುತ್ತದೆಂಬ ನಂಬಿಕೆ. ನಂಬಿಕೆ ನನ್ನದಲ್ಲ, ಆದರೂ ಆ ಈರುಳ್ಳಿಯನ್ನು ಅಂದು ಸೆರಗಿಗೆ ಕಟ್ಟಿಕೊಂಡೆ.

ನನ್ನ ಪರಿಚಯ ಹೇಳಿಬಿಡುತ್ತೇನೆ. ಹೆಸರು ಪುಟ್ಟತಾಯಮ್ಮ. ಹುಟ್ಟಿದ್ದು ಹೊಳೆನರಸೀಪುರ ತಾಲ್ಲೂಕಿನ ಒಂದು ಊರಿನ ಕೇರಿಯಲ್ಲಿ. ಐದನೆಯ ತರಗತಿಗೆ ಚನ್ನರಾಯಪಟ್ಟಣದ ಸರ್ಕಾರಿ ಹಾಸ್ಟೆಲ್ ಸೇರಿದೆ. ಅಲ್ಲಿ ಐದು ಗಂಟೆಗೆ ಗಂಟೆ ಹೊಡೆದರೆ ಎದ್ದು ಚಾಪೆ ಸುತ್ತಿ ಗೋಡೆಗೆ ಒರಗಿಸಬೇಕು, ಐದೂವರೆಗೆ ಪುಸ್ತಕ ಹಿಡಿದಿರಬೇಕು. ಆಮೇಲೆ ನಾನೇ ವಾರ್ಡನ್ ಆದೆ. ಅರಕಲಗೂಡು, ಹಾಸನ, ಕೊನೆಗೆ ಹೊಳೆನರಸೀಪುರ, ಒಟ್ಟು ಮೂವತ್ತೊಂದು ವರ್ಷ. ಹುಡುಗಿಯರು ನನಗೆ ಗಂಟೆಯಮ್ಮ ಎಂದು ಹೆಸರಿಟ್ಟಿದ್ದರು. ನನಗೆ ಗೊತ್ತಿಲ್ಲ ಎಂದುಕೊಂಡಿದ್ದರು. ನಿವೃತ್ತಿಯಾದರೂ ಇಂದಿಗೂ ಐದಕ್ಕೆ ಎಚ್ಚರ, ಚಾಪೆ ಗೋಡೆಗೆ.

ಮಗಳು ಗೀತಾ ನರ್ಸು. ಅವಳ ಗಂಡ ಚನ್ನರಾಯಪಟ್ಟಣದ ಹೆದ್ದಾರಿಯಲ್ಲಿ ಲಾರಿ ಗುದ್ದಿ ತೀರಿಕೊಂಡಾಗ ಮೊಮ್ಮಗಳು ಸುಮೇಧಾಗೆ ಐದು ವರ್ಷ. ಆಮೇಲೆ ಗೀತಾಗೆ ಕೇಂದ್ರ ಸರ್ಕಾರದ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು, ಹಾಕಿದ್ದು ನಾಗಪುರಕ್ಕೆ. ಮೊದಲು ಅವಳೊಬ್ಬಳೇ ಹೋದಳು. ನಾನು ನಿವೃತ್ತಳಾದ ವರ್ಷ, ಸುಮೇಧಾ ಏಳನೆಯ ತರಗತಿ ಮುಗಿಸಿದ ಮೇಲೆ, ನಾವಿಬ್ಬರೂ ಬಂದೆವು.

ಮನೆ ಹುಡುಕಿದ್ದನ್ನು ಹೇಳಬೇಕು. ಹಾಸನದಲ್ಲಿ ನಾನು ಐದು ಸಲ ಬಾಡಿಗೆ ಮನೆ ಹುಡುಕಿದ್ದೇನೆ. ಮನೆ ತೋರಿಸುತ್ತಾರೆ, ನೀರು ಬರುವ ಹೊತ್ತು ಹೇಳುತ್ತಾರೆ, ಸರ್ಕಾರಿ ನೌಕರಿ ಎಂದು ಕೇಳಿ ಸಂತೋಷಪಡುತ್ತಾರೆ. ಆಮೇಲೆ "ನೀವು ಯಾವ ಜನ?" ಎಂದು ಕೇಳುತ್ತಾರೆ. ನಾನು ಹೇಳುತ್ತೇನೆ. ಮಾರನೆಯ ದಿನ ಆ ಮನೆ ಅವರ ಅಳಿಯನಿಗೆ ಬೇಕಾಗಿರುತ್ತದೆ. ನಾಗಪುರದಲ್ಲಿ ಮೀರಾತಾಯಿ ಎಂಬಾಕೆಯ ಮನೆಗೆ ಹೋದೆವು. ಆಕೆ ನನ್ನ ಚೀಲದ ಬಾಯಲ್ಲಿ ಇಣುಕುತ್ತಿದ್ದ ಬುದ್ಧನ ಪಟ ನೋಡಿದಳು. "ಆಪಲೇಚ್" ಎಂದು ಬೀಗದ ಕೈ ಕೊಟ್ಟಳು. ಆಪಲೇ ಎಂದರೆ ನಮ್ಮವರು. ಅರ್ಧ ಗಂಟೆಯೊಳಗೆ ಮನೆ ಸಿಕ್ಕಿದ್ದು ನನ್ನ ಬದುಕಿನಲ್ಲಿ ಅದೇ ಮೊದಲು. ಬೀದಿಯ ತುದಿಯಲ್ಲಿ ಬುದ್ಧ ವಿಹಾರ. ಬೆಳಿಗ್ಗೆ ವಂದನೆಯ ದನಿ ಮೈಕಿನಲ್ಲಿ ಕೇಳುತ್ತದೆ. ದಸರೆಯ ದಿನ, ಬೌದ್ಧ ದೀಕ್ಷೆಯ ನೆನಪಿಗೆ, ಇಡೀ ಊರು ಬಿಳಿ ಬಟ್ಟೆ.

ಉಳಿದದ್ದೆಲ್ಲ ಕಷ್ಟವೇ ಆಗಿತ್ತು. ಹಾಸನದ ಮೇ ತಿಂಗಳಲ್ಲಿ ಸಂಜೆಗೆ ಒಂದು ಮಳೆ ಬರುತ್ತದೆ. ಇಲ್ಲಿ ಹಗಲು ಹನ್ನೊಂದಕ್ಕೆ ಬೀದಿ ಖಾಲಿಯಾದರೆ ಐದರವರೆಗೆ ನಾಯಿಯೂ ಹೊರಬರುವುದಿಲ್ಲ. ಪ್ರತಿ ಕಿಟಕಿಗೂ ಹುಲ್ಲು ತುಂಬಿದ ತಗಡಿನ ಪೆಟ್ಟಿಗೆ. ಅದನ್ನು ಕೂಲರ್ ಎನ್ನುತ್ತಾರೆ, ಬೆಳಿಗ್ಗೆ ಸಂಜೆ ಅದಕ್ಕೆ ನೀರು ತುಂಬುವುದು ಮನೆಯ ಮುಖ್ಯ ಕೆಲಸ. ಆರು ಗಂಟೆಗೆ ಎರಡು ಬಕೆಟ್, ಸಂಜೆ ಆರಕ್ಕೆ ಎರಡು ಎಂದು ನಾನು ಹೊತ್ತು ನಿಗದಿ ಮಾಡಿದೆ. ರಾಗಿ ಹಿಟ್ಟು ಕೇಳಿದರೆ ಅಂಗಡಿಯವನು ಅಂಗೈಯಗಲದ ಪೊಟ್ಟಣ ಕೊಟ್ಟು, ಮನೆಯಲ್ಲಿ ಕೂಸಿದೆಯೇ ಎಂದು ಕೇಳಿದ. ಇಲ್ಲಿ ಅದರ ಹೆಸರು ನಾಚಣಿ, ಮಕ್ಕಳಿಗೆ ಗಂಜಿ ಮಾಡಲು ಮಾತ್ರ. ಮೂರು ಪೊಟ್ಟಣಕ್ಕೆ ಒಂದು ಹೊತ್ತಿನ ಮುದ್ದೆ. ಇಲ್ಲಿಯವರ ಬೆಳಗಿನ ತಿಂಡಿ ತರ್ರಿ ಪೋಹೆ, ಅಂದರೆ ಅವಲಕ್ಕಿಯ ಮೇಲೆ ಕಡಲೆಯ ಖಾರದ ಸಾರು. ಮೊದಲ ದಿನ ಕಣ್ಣಲ್ಲಿ ನೀರು ಬಂತು. ಎರಡನೆಯ ವರ್ಷ ನಾನೇ ಕೇಳಿ ಹಾಕಿಸಿಕೊಳ್ಳತೊಡಗಿದೆ. ಭಾಷೆಗೂ ದಿನಕ್ಕೆ ಹತ್ತು ಪದ ಎಂದು ನೋಟ್ ಪುಸ್ತಕದಲ್ಲಿ ಬರೆದುಕೊಂಡೆ. ವರ್ಷದೊಳಗೆ ಮೀರಾತಾಯಿಯ ಜೊತೆ ಜಗಳವಾಡುವಷ್ಟು ಬಂತು.

ಒಂಟಿತನ ಬೇರೆ ಥರದ್ದು. ಗೀತಾ ಪಾಳಿಗೆ, ಸುಮೇಧಾ ಶಾಲೆಗೆ ಹೋದಮೇಲೆ ಮನೆಯಲ್ಲಿ ನನ್ನ ಮಾತು ಕೇಳುವವರಿಲ್ಲ. ಎಂಬತ್ತು ಹುಡುಗಿಯರ ಸದ್ದಿನಲ್ಲಿ ಬದುಕಿದವಳಿಗೆ ಹಗಲಿನ ಮೌನ ಕಾಯಿಲೆಯಂತೆ ಅನಿಸುತ್ತಿತ್ತು. ಆದರೂ ಇದು ನಮ್ಮೂರಾಯಿತು ಎಂದು ನಾನು ತೀರ್ಮಾನಿಸಿದ್ದೆ. ಸುಮೇಧಾ ಹನ್ನೆರಡನೆಯ ತರಗತಿಗೆ ಬಂದು ಕಾನೂನು ಓದುತ್ತೇನೆ ಎನ್ನುವವರೆಗೆ ಆ ತೀರ್ಮಾನ ಸರಿಯಾಗಿಯೇ ಇತ್ತು.

ಅವಳಿಗೆ ಆ ಆಸೆ ಎಲ್ಲಿಂದ ಬಂತೆಂದು ನನಗೆ ಗೊತ್ತು. ಅವಳಪ್ಪನ ಅಪಘಾತದ ಕೇಸಿಗೆ ಗೀತಾ ಕೋರ್ಟಿಗೆ ಹೋಗುವಾಗ ಮಗುವನ್ನೂ ಕರೆದೊಯ್ಯುತ್ತಿದ್ದಳು. ವಕೀಲರಿಬ್ಬರು ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು. ಮಗು ತಾಯಿಯ ಸೆರಗು ಜಗ್ಗಿ "ಅಪ್ಪನ್ ಬಗ್ಗೆ ಏನಂದ್ರಮ್ಮ?" ಎಂದು ಕೇಳಿತು. ಗೀತಾಗೂ ಅರ್ಥವಾಗಿರಲಿಲ್ಲ. "ಸುಮ್ನಿರು" ಎಂದಳು. ಆ ಪ್ರಶ್ನೆಯನ್ನು ಸುಮೇಧಾ ಮರೆತಿಲ್ಲ.

ದೇಶದ ದೊಡ್ಡ ಕಾನೂನು ಶಾಲೆಗಳಿಗೆಲ್ಲ ಸೇರಿ ಒಂದೇ ಪ್ರವೇಶ ಪರೀಕ್ಷೆ. ಅವಳ ಮೊದಲ ಆಸೆ ಬೆಂಗಳೂರಿನದು. ಅಲ್ಲಿ ಕರ್ನಾಟಕದ ಮಕ್ಕಳಿಗೆಂದು ಒಂದು ಪಾಲು ಸೀಟು ಇದೆ, ಆದರೆ ರಾಜ್ಯದಲ್ಲಿ ಹತ್ತು ವರ್ಷ ಓದಿರಬೇಕು. ಅವಳು ಓದಿದ್ದು ಏಳು. ಆ ಬಾಗಿಲು ಹಾಗೆ ಮುಚ್ಚಿತು. ಉಳಿದದ್ದು ಪರಿಶಿಷ್ಟ ಜಾತಿಯ ಸೀಟು. ಅದಕ್ಕೆ ಜಾತಿ ಪ್ರಮಾಣಪತ್ರ ಬೇಕು. ಅದು ಅವಳ ಬಳಿ ಇರಲಿಲ್ಲ.

ಯಾಕಿರಲಿಲ್ಲ ಎಂಬುದಕ್ಕೆ ಕಾರಣ ನಾನು. ಅವಳಪ್ಪ ಸತ್ತ ಮರುವರ್ಷ ಸುಮೇಧಾಳನ್ನು ಹೊಳೆನರಸೀಪುರದಲ್ಲಿ ಒಂದನೆಯ ತರಗತಿಗೆ ಸೇರಿಸಿದವಳು ನಾನೇ. ಅದಕ್ಕೆ ಕೆಲವು ತಿಂಗಳ ಹಿಂದೆ ಮನೆಮಂದಿಯೆಲ್ಲ ಬೌದ್ಧ ದೀಕ್ಷೆ ತೆಗೆದುಕೊಂಡಿದ್ದೆವು. ಅರ್ಧ ಗಂಟೆ ಮುಂಚೆಯೇ ಶಾಲೆಗೆ ಹೋಗಿ, ಬೆಂಚಿನ ಮೇಲೆ ಕುಳಿತು, ನನ್ನದೇ ಪೆನ್ನು ತೆಗೆದು ಅರ್ಜಿ ತುಂಬಿದೆ. ಧರ್ಮ ಎಂಬಲ್ಲಿ ಬೌದ್ಧ ಎಂದು ಬರೆದೆ. ಜಾತಿ ಎಂಬಲ್ಲಿ ಆದಿ ಕರ್ನಾಟಕ ಎಂದು ಬರೆಯಬೇಕಿತ್ತು. ಪೆನ್ನು ನಿಂತಿತು. ನನ್ನ ತಂದೆಗೆ ಹೋಟೆಲಿನ ಹೊರಗೆ ಬೇರೆ ಲೋಟ ಇಟ್ಟಿದ್ದು ಆ ಹೆಸರಿಗೆ. ಈ ಮಗುವಿಗೆ ಅದು ಬೇಡ ಎಂದುಕೊಂಡೆ. ಅಲ್ಲಿಯೂ ಬೌದ್ಧ ಎಂದೇ ಬರೆದೆ, ಅಕ್ಷರ ದುಂಡಗೆ. ಮುಖ್ಯೋಪಾಧ್ಯಾಯರು "ಮೇಡಂ, ಸ್ಕಾಲರ್‌ಶಿಪ್ಪಿಗೆ ತೊಂದ್ರೆ ಆಗುತ್ತಲ್ಲ" ಎಂದರು. "ನನಗೆ ಸಂಬಳ ಇದೆ. ಅದು ಇಲ್ಲದ ಮಗುವಿಗೆ ಹೋಗಲಿ" ಎಂದೆ. ಸ್ಕಾಲರ್‌ಶಿಪ್ ಕೇಳದಿದ್ದುದರಿಂದ ಪ್ರಮಾಣಪತ್ರವೂ ಬೇಕಾಗಲಿಲ್ಲ.

ಮೂವತ್ತೊಂದು ವರ್ಷ ಪ್ರತಿ ಜೂನಿನಲ್ಲಿ ಹಾಸ್ಟೆಲ್ ಅರ್ಜಿಗಳನ್ನು ನಾನೇ ನೋಡುತ್ತಿದ್ದೆ. ತಪ್ಪಿದ್ದರೆ ಹುಡುಗಿಯನ್ನು ನಿಲ್ಲಿಸಿ ಹೊಸದಾಗಿ ಬರೆಸುತ್ತಿದ್ದೆ. "ಮನಸ್ಸಲ್ಲಿ ಇರೋದು ಬರೀಬೇಡ, ಸರ್ಟಿಫಿಕೇಟಲ್ಲಿ ಇರೋದು ಬರಿ" ಎನ್ನುತ್ತಿದ್ದೆ. ನನ್ನ ಕೈ ದಾಟಿದ ಅರ್ಜಿ ಮೇಲಿನಿಂದ ವಾಪಸ್ ಬಂದದ್ದಿಲ್ಲ.

ಮೊದಲು ನಾಗಪುರದಲ್ಲೇ ವಿಚಾರಿಸಿದೆವು. ಇಲ್ಲಿ ಬೌದ್ಧರು ಊರಿಗೆ ಊರೇ ಇದ್ದಾರೆ, ಅವರಿಗೆ ಮೀಸಲಾತಿಯೂ ಇದೆ. ಮೀರಾತಾಯಿ ತಾನೇ ಕಚೇರಿಗೆ ಕರೆದುಕೊಂಡು ಹೋದಳು. ಇಲ್ಲಿ ಜಾತ್ ಪಡತಾಳಣಿ ಎಂಬುದೊಂದಿದೆ, ಜಾತಿಯ ಪರಿಶೀಲನೆ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ನಿಮ್ಮ ಹಿರಿಯರು ಈ ರಾಜ್ಯದಲ್ಲೇ ಇದ್ದರು ಎನ್ನಲು ಕಾಗದ ತೋರಿಸಬೇಕು. ಗುಮಾಸ್ತೆ ಮರ್ಯಾದೆಯಿಂದಲೇ ಕೇಳಿದಳು, "ಆಜಿ, ಆಗ ನಿಮ್ಮ ಹಿರಿಯರು ಎಲ್ಲಿದ್ದರು?"

"ಹೇಮಾವತಿ ಹೊಳೆ ದಂಡೇಲಿ ಗದ್ದೆ ಕೆಲಸ ಮಾಡ್ತಿದ್ರು."

"ಅದು ಎಲ್ಲಿ?"

ಹೇಳಿದೆ. ಆಕೆ ಪೆನ್ನು ಕೆಳಗಿಟ್ಟಳು. ಹೊರಗೆ ಬಂದ ಮೇಲೆ ಮೀರಾತಾಯಿ ನನ್ನ ಕೈ ಹಿಡಿದು, ನೀವು ನಮ್ಮವರೇ, ಕಾಗದದ ಮಾತು ಬೇರೆ ಎಂದಳು. ಅಂದಿನಿಂದ ಆಪಲೇ ಎಂಬ ಮಾತು ಕೇಳಿದಾಗಲೆಲ್ಲ ನನಗೆ ಆ ಕೆಳಗಿಟ್ಟ ಪೆನ್ನು ನೆನಪಾಗುತ್ತದೆ.

ದಸರೆ ರಜೆಗೆ ಸುಮೇಧಾಳನ್ನು ಕರೆದುಕೊಂಡು ಊರಿಗೆ ಹೊರಟೆ. ನನ್ನ ತಮ್ಮ ಚಿಕ್ಕಯ್ಯ ಹಾಸನದ ಹತ್ತಿರ ಮೊಸಳೆ ಎಂಬ ಊರಿನಲ್ಲಿದ್ದಾನೆ, ಜೋಡಿ ಗುಡಿಗಳ ಹಿಂದಿನ ಬೀದಿ. ಅವನ ಮನೆಯಲ್ಲಿ ಇಳಿದುಕೊಂಡೆವು. ಮಾರನೆಯ ದಿನ ಮೊದಲ ಬಸ್ಸಿಗೆ ಹೊರಟು ಹೊಳೆನರಸೀಪುರದ ತಾಲ್ಲೂಕು ಕಚೇರಿಯಲ್ಲಿ ಹತ್ತು ಗಂಟೆಗೆ ಮೊದಲನೆಯವರಾಗಿ ನಿಂತೆವು. ಅಲ್ಲಿಯ ಗುಮಾಸ್ತ ನಮ್ಮ ಕಾಗದಗಳನ್ನೆಲ್ಲ ಸಹನೆಯಿಂದ ನೋಡಿದ. ಗೀತಾಳದು, ಅವಳ ಗಂಡನದು ಎರಡೂ ಸರಿಯಾಗಿದ್ದವು.

"ಅಮ್ಮ, ಅಪ್ಪ ಅಮ್ಮಂದು ಒಂದು ಥರ ಅದೆ, ಮಗೀದು ಒಂದು ಥರ ಅದೆ. ಬೌದ್ಧ ಅನ್ನೋದು ಜಾತಿ ಪಟ್ಟೀಲಿ ಇಲ್ಲ ಕಣಮ್ಮ. ಮೊದ್ಲು ಸ್ಕೂಲಲ್ಲಿ ತಿದ್ದುಸ್ಕಂಡ್ ಬನ್ನಿ."

ಶಾಲೆಗೆ ಹೋದೆವು. ಈಗಿನ ಮುಖ್ಯೋಪಾಧ್ಯಾಯಿನಿ ಹಳೆಯ ಕಡತ ತೆಗೆಸಿ ಅರ್ಜಿಯನ್ನು ಮೇಜಿನ ಮೇಲೆ ಹರಡಿದಳು. "ಬರೆದೋರು ಯಾರೋ, ಅಕ್ಷರ ಮಾತ್ರ ಮುತ್ತು" ಎಂದಳು. ಸುಮೇಧಾ ನನ್ನ ಮುಖ ನೋಡಲಿಲ್ಲ, ಅರ್ಜಿಯನ್ನೇ ನೋಡುತ್ತಿದ್ದಳು. ಶಾಲೆ ಬಿಟ್ಟ ಮಕ್ಕಳ ಜಾತಿಯನ್ನು ತಾವು ತಿದ್ದುವಂತಿಲ್ಲ, ಕೋರ್ಟಿನ ಆದೇಶ ತನ್ನಿ ಎಂದು ಆಕೆ ಹೇಳಿದಳು. ನಿಯಮ ನನಗೂ ಗೊತ್ತಿದ್ದದ್ದೇ.

ಕೋರ್ಟಿನ ಎದುರಿಗೆ ಭಾಗ್ಯಳ ಕಚೇರಿ. ಅವಳು ಅರಕಲಗೂಡಿನಲ್ಲಿ ನನ್ನ ಹಾಸ್ಟೆಲಿನಲ್ಲಿದ್ದ ಹುಡುಗಿ. ಊಟದ ಗಂಟೆಗೆ ತಡವಾಗಿ ಬಂದಿದ್ದಕ್ಕೆ ಒಂದು ಸಲ ತಟ್ಟೆ ಹಿಡಿದು ನಿಂತೇ ಉಣ್ಣಿಸಿದ್ದೆ. ಈಗ ವಕೀಲೆ. ನನ್ನನ್ನು ನೋಡಿ ಕುರ್ಚಿಯಿಂದ ಎದ್ದಳು.

"ಬನ್ನಿ ಮೇಡಂ, ಕೂತ್ಕಳಿ. ನೀವು ಕೂತ್ಕಳ ತನಕ ನನಗೆ ಕೂರಕ್ ಆಗಲ್ಲ, ಅಭ್ಯಾಸ."

ಎಲ್ಲ ಹೇಳಿದೆ. ಅವಳು ಅರ್ಜಿಯ ನಕಲನ್ನು ಎರಡು ಸಲ ಓದಿ ನಕ್ಕಳು. ನಗು ಬೇಗ ನಿಂತಿತು.

"ಮೇಡಂ, ನನ್ ಕೈಲಿ ಇಂಥದೇ ಅರ್ಜಿನ ಮೂರು ಸಲ ಬರ್ಸಿದ್ರಿ ನೀವು. ನಿಮ್ ಅರ್ಜಿ ಯಾರೂ ನೋಡ್ಲಿಲ್ವಲ್ಲ."

"ಎಷ್ಟು ದಿನ ಆಗುತ್ತೆ ಹೇಳು."

"ದಾವಾ ಹಾಕ್ಬೇಕು. ವರ್ಷದ ಮೇಲೇ ಹಿಡಿಯುತ್ತೆ. ಈ ವರ್ಷದ ಪರೀಕ್ಷೆಗೆ ಸಿಕ್ಕಲ್ಲ, ಮುಂದಿನ ವರ್ಷಕ್ಕಾದ್ರೂ ಆಗ್ಬೇಕು ಅಂದ್ರೆ ಈಗ್ಲೇ ಹಾಕಣ. ಅರ್ಜಿ ಬರ್ದೋರು ನೀವು, ನಿಮ್ದೇ ಮೊದಲ್ನೇ ಸಾಕ್ಷಿ. ಕಣ್ತಪ್ಪಿನಿಂದ ಬರೆದೆ ಅಂತ ಅಫಿಡವಿಟ್ ಮಾಡ್ಬೇಕು."

"ಕಣ್ತಪ್ಪಲ್ಲ ಅದು, ಭಾಗ್ಯ. ಯೋಚನೆ ಮಾಡಿ ಬರೆದದ್ದು."

"ಗೊತ್ತು ಮೇಡಂ. ಹಂಗಂತ ಹೇಳಿದ್ರೆ, ಜಾತಿ ಬೇಡ ಅಂತ ಬಿಟ್ಟೋರು ಈಗ ಸೀಟಿಗೆ ಬಂದ್ರಾ ಅಂತಾರೆ. ಮನಸ್ಸಲ್ಲಿ ಇರೋದು ಬರೀಬಾರ್ದು ಅಂತ ಹೇಳ್ಕೊಟ್ಟೋರು ನೀವೇ."

ಸುಳ್ಳಿಗೆ ರುಜು ಹಾಕುವುದಿಲ್ಲ ಎಂದು ಎದ್ದು ಬಂದೆ.

ಸಂಜೆ ಮೊಸಳೆಯಲ್ಲಿ ಚಿಕ್ಕಯ್ಯ ನನ್ನನ್ನು ಬಿಡಲಿಲ್ಲ. ಅವನು ದೀಕ್ಷೆ ತೆಗೆದುಕೊಂಡವನಲ್ಲ. ಹಜಾರದಲ್ಲಿ ಆಲೂಗಡ್ಡೆ ಆರಿಸುತ್ತಾ ಮಾತು ತೆಗೆದ.

"ಅಕ್ಕಯ್ಯ, ನಾನು ಎಬ್ಬೆಟ್ಟು. ನನ್ ಮಕ್ಕಳ ಸಲ್ಟಿಪಿಕೇಟು ಪಕ್ಕಾ ಅದೆ. ನೀನು ಓದ್ದೋಳು, ಊರ್ ಮಕ್ಕಳ ಅರ್ಜಿ ತಿದ್ದೋಳು."

"ಸುಮ್ನಿರು ಚಿಕ್ಕಯ್ಯ."

"ಸುಮ್ನೇ ಇವ್ನಿ. ಒಂದ್ ಮಾತು ಯೋಳ್ತೀನಿ. ಆ ಎಸ್ರು ನೀನು ಬರೀದಿದ್ರೆ ಊರೋರು ಮರ್ತ್ಬುಡ್ತಾರಾ? ಮನೆ ಬಾಡಿಗೆಗೆ ಓದ್ರೆ ನಿಂಗೂ ಇಲ್ಲ ಅಂತಾರೆ, ನಂಗೂ ಇಲ್ಲ ಅಂತಾರೆ. ಬಯ್ಯಕೆ ಯಾರೂ ಸಲ್ಟಿಪಿಕೇಟು ಕೇಳಲ್ಲ. ಸೀಟು ಕೊಡಕೆ ಕೇಳ್ತಾರೆ, ಅಷ್ಟೇ ಕಣಕ್ಕಯ್ಯ."

ಒಳಗಿನಿಂದ ಸುಮೇಧಾ ಬಂದು ನನ್ನ ಪಕ್ಕ ಕುಳಿತು ತಾನೂ ಆಲೂಗಡ್ಡೆ ಆರಿಸತೊಡಗಿದಳು. "ಅಜ್ಜಿಗೆ ಇಷ್ಟ ಇಲ್ಲ ಅಂದ್ರೆ ಬೇಡ ತಾತ. ನಾನು ಜನರಲ್‌ನಲ್ಲೇ ಹಾಕ್ತೀನಿ. ಬಂದ್ರೆ ಬರ್ಲಿ" ಎಂದಳು. ಅವಳು ಅತ್ತಿದ್ದರೆ ನಾನು ರುಜು ಹಾಕುತ್ತಿದ್ದೆನೋ ಏನೋ. ಅಳಲಿಲ್ಲ. ಅವಳನ್ನು ಹಾಗೆ ಬೆಳೆಸಿದವಳೂ ನಾನೇ.

ನಾಗಪುರಕ್ಕೆ ಹಿಂದಿರುಗಿದೆವು. ಕೊನೆಯ ದಿನಕ್ಕೆ ಮೊದಲು ಅವಳು ಅರ್ಜಿ ಹಾಕಿದಳು, ವರ್ಗ ಎಂಬಲ್ಲಿ ಸಾಮಾನ್ಯ ಎಂದು ಗುರುತು ಮಾಡಿ. ಒಮ್ಮೆ ಗುರುತು ಮಾಡಿದರೆ ಆಮೇಲೆ ಬದಲಿಸುವಂತಿಲ್ಲ. ಚಳಿಗಾಲದಲ್ಲಿ ಪರೀಕ್ಷೆಯಾಯಿತು. ಫಲಿತಾಂಶ ಬಂದ ದಿನ ಅವಳು ಫೋನು ನೋಡಿ, ಪಕ್ಕಕ್ಕಿಟ್ಟು, ಕೂಲರಿನ ಹಿಂದೆ ಸೇರಿದ್ದ ಧೂಳು ಒರೆಸಲು ಹೋದಳು. ಅವಳ ಸ್ಥಾನಕ್ಕೆ ಸಾಮಾನ್ಯ ಪಟ್ಟಿಯಲ್ಲಿ ಯಾವ ದೊಡ್ಡ ಶಾಲೆಯೂ ಸಿಗಲಿಲ್ಲ. ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿ ಅದೇ ಸ್ಥಾನಕ್ಕೆ ಐದಾರು ಊರುಗಳಲ್ಲಿ ಸೀಟು ಬರುತ್ತಿತ್ತು. ಇದನ್ನು ನನಗೆ ಯಾರೂ ಹೇಳಲಿಲ್ಲ. ನಾನೇ ಹುಡುಕಿ ನೋಡಿಕೊಂಡೆ, ಒಂದು ಹಾಳೆಯಲ್ಲಿ ಬರೆದುಕೊಂಡೆ. ಗೀತಾ ಪಾಳಿ ಮುಗಿಸಿ ಬಂದು ಆ ಹಾಳೆ ನೋಡಿದಳು. ಮಡಚಿ ನನ್ನ ಪೆಟ್ಟಿಗೆಯಲ್ಲಿಟ್ಟಳು. ಎರಡು ದಿನ ನನ್ನೊಡನೆ ಊಟದ ಮಾತು ಬಿಟ್ಟು ಬೇರೆ ಆಡಲಿಲ್ಲ.

ಮೂರನೆಯ ದಿನ ಭಾಗ್ಯಳಿಗೆ ಫೋನು ಮಾಡಿ, ಅಫಿಡವಿಟ್ ಸಿದ್ಧಮಾಡು ಎಂದೆ. "ಕಣ್ತಪ್ಪು ಅಂತಾನೇ ಬರೀಲಾ ಮೇಡಂ?" ಎಂದಳು. ಬರಿ ಎಂದೆ.

ಹನ್ನೆರಡನೆಯ ತರಗತಿ ಮುಗಿದ ಮೇಲೆ ಎಲ್ಲಿ ಎಂಬ ಪ್ರಶ್ನೆ ಮತ್ತೆ ಬಂತು. ಊಟದ ಹೊತ್ತಿನಲ್ಲಿ ಮೂವರೂ ಕುಳಿತು ಮಾತಾಡಿದೆವು. ಒಂದು ವರ್ಷ ಮನೆಯಲ್ಲಿ ಓದಿ ಮತ್ತೆ ಪರೀಕ್ಷೆ ಬರೆಯಬಹುದು, ಆದರೆ ಅಷ್ಟರಲ್ಲಿ ಕೋರ್ಟಿನ ಆದೇಶ ಬರುತ್ತದೆಂಬ ಖಾತ್ರಿ ಇಲ್ಲ. ನಾಗಪುರದ ಖಾಸಗಿ ಕಾಲೇಜು ಗೀತಾಳ ಸಂಬಳಕ್ಕೆ ಎಟುಕುವುದಿಲ್ಲ. ಹಾಸನದ ಕಾನೂನು ಕಾಲೇಜಿಗೆ ಹನ್ನೆರಡನೆಯ ತರಗತಿಯ ಅಂಕ ಸಾಕು, ಕನ್ನಡದಲ್ಲೂ ಪರೀಕ್ಷೆ ಬರೆಯಬಹುದು.

"ಹಾಸನಕ್ಕೆ ಹೋಗ್ತೀನಿ" ಎಂದಳು ಸುಮೇಧಾ.

ಗೀತಾ ತುತ್ತು ಕೆಳಗಿಟ್ಟಳು. "ಆ ಊರು ಬೇಡ ಅಂತ ತಾನೇ ಇಷ್ಟು ದೂರ ಬಂದಿದ್ದು? ಅಲ್ಲಿ ಮನೆ ಕೇಳಿದ್ರೆ ಏನ್ ಕೇಳ್ತಾರೆ ಅಂತ ನಿಂಗೆ ಗೊತ್ತಿಲ್ಲ."

"ಗೊತ್ತಾಗ್ಲಿ ಅಮ್ಮ. ನನ್ ಕೇಸ್ ಅಲ್ಲಿದೆ. ವಾಯಿದೆ ವಾಯಿದೆಗೂ ನಿಂತ್ಕೊಂಡು ಕೇಳ್ತೀನಿ. ಏನಂದ್ರು ಅಂತ ನಾನೇ ನಿಮಗೆ ಹೇಳ್ತೀನಿ."

ಅಲ್ಲಿಗೆ ಮಾತು ಮುಗಿಯಿತು. ನನಗೂ ಜೊತೆಗೆ ಹೋಗುವ ಆಸೆ. ಆದರೆ ಗೀತಾಗೆ ಆ ವರ್ಷ ಬೆನ್ನಿನ ಶಸ್ತ್ರಚಿಕಿತ್ಸೆ ಆಗಿತ್ತು. ಬಕೆಟ್ ಎತ್ತುವಂತಿಲ್ಲ. ಅವಳನ್ನು ಸೇರಿಸಿ ಬರಲು ಮಾತ್ರ ಹೋದೆ, ಆಮೇಲೆ ನಾನು ಇಲ್ಲೇ ಉಳಿಯಬೇಕಾಯಿತು.

ಹಾಸನದಲ್ಲಿ ನಾನು ಒಂಬತ್ತು ವರ್ಷ ದುಡಿದ ಹಾಸ್ಟೆಲಿಗೆ ಅವಳನ್ನು ಸೇರಿಸಲಾಗಲಿಲ್ಲ. ಅಲ್ಲಿಗೂ ಜಾತಿ ಪ್ರಮಾಣಪತ್ರ ಬೇಕು. ಹೊಸ ವಾರ್ಡನ್ ನನಗೆ ಕಾಫಿ ತರಿಸಿ, ಮುಜುಗರದಿಂದ, ಬೇಕಾದ ಕಾಗದಗಳ ಪಟ್ಟಿ ತೋರಿಸಿದಳು. ಆ ಪಟ್ಟಿಯನ್ನು ಗೋಡೆಗೆ ಮೊದಲು ಅಂಟಿಸಿದವಳು ನಾನು. ಆಕೆಯ ಜಾಗದಲ್ಲಿದ್ದಿದ್ದರೆ ನಾನೂ ಸೇರಿಸಿಕೊಳ್ಳುತ್ತಿರಲಿಲ್ಲ ಎಂದು ಅವಳಿಗೆ ಹೇಳಿ ಬಂದೆ. ಸುಮೇಧಾ ಮೊಸಳೆಯಲ್ಲೇ ಉಳಿದಳು. ಬೆಳಿಗ್ಗೆ ಬಸ್ಸಿಗೆ ಕಾಲೇಜು, ಸಂಜೆ ಬಸ್ಸಿಗೆ ಮನೆ. ಅಲ್ಲಿ ಈಗ ಅವಳು ನಾನು ನಾಗಪುರದಲ್ಲಿದ್ದಂತೆ ಇದ್ದಾಳೆ. ಕನ್ನಡ ಓದಲು ತಡವರಿಸುತ್ತಾಳೆ, ದಿನಕ್ಕೆ ಹತ್ತು ಪದ ಬರೆದುಕೊಳ್ಳುತ್ತಾಳೆ. ಮಾತಿನ ನಡುವೆ ಮರಾಠಿ ನುಸುಳಿದರೆ ಹುಡುಗಿಯರು "ಏ ನಾಗ್ಪುರ" ಎಂದು ಕರೆಯುತ್ತಾರಂತೆ. ಜುಲೈನಲ್ಲಿ ಫೋನು ಮಾಡಿ "ಅಜ್ಜಿ, ಇಲ್ಲಿ ಬಟ್ಟೆ ಒಣಗೋದೇ ಇಲ್ಲ. ಹೆಂಗಿದ್ರಿ ನೀವೆಲ್ಲ?" ಎಂದಳು. ಹಾಸನದ ಸೋನೆಯನ್ನು ಅವಳು ಮರೆತುಬಿಟ್ಟಿದ್ದಳು.

ಈ ವರ್ಷ, ಅವಳು ಎರಡನೆಯ ವರ್ಷದಲ್ಲಿರುವಾಗ, ನನ್ನ ಸಾಕ್ಷಿಯ ದಿನ ಬಂತು. ಎರಡು ರಾತ್ರಿ ರೈಲಿನಲ್ಲಿ ಕುಳಿತು ಹೊಳೆನರಸೀಪುರ ತಲುಪಿದೆ. ಕೋರ್ಟಿನ ಹಿಂದಿನ ಬೆಂಚಿನಲ್ಲಿ ಸುಮೇಧಾ ಬಿಳಿ ಚೂಡಿದಾರದಲ್ಲಿ ಕುಳಿತಿದ್ದಳು, ಮಡಿಲಲ್ಲಿ ನೋಟ್ ಪುಸ್ತಕ. ಕಟಕಟೆಯಲ್ಲಿ ಪ್ರಮಾಣ ಮಾಡಿಸಿದರು. ನಿಮ್ಮ ಜಾತಿ ಯಾವುದು ಎಂದು ಭಾಗ್ಯ ಕೇಳಿದಳು. ಮೊಮ್ಮಗಳ ಅರ್ಜಿಯಲ್ಲಿ ನಾನು ಬರೆಯದ ಹೆಸರನ್ನು ತುಂಬಿದ ಕೋರ್ಟಿನಲ್ಲಿ ಹೇಳಿದೆ. ಬೆರಳಚ್ಚಿನವನಿಗೆ ಕೇಳಿಸದೆ ಎರಡನೆಯ ಸಲ ಹೇಳಿಸಿದ. ಆಮೇಲೆ ಸರ್ಕಾರದ ಪರ ವಕೀಲರು ಎದ್ದರು. ವಯಸ್ಸಾದವರು, ಒರಟಾಗಿ ಮಾತಾಡಲಿಲ್ಲ.

"ತಾವು ಮೂವತ್ತೊಂದು ವರ್ಷ ವಾರ್ಡನ್ ಆಗಿದ್ದಿರಿ. ಸಾವಿರಾರು ಅರ್ಜಿ ಪರಿಶೀಲಿಸಿದ್ದೀರಿ. ಸರಿಯೇ?"

"ಸರಿ."

"ಜಾತಿ ಕಾಲಮ್ಮಿನಲ್ಲಿ ಏನು ಬರೆಯಬೇಕು ಅಂತ ತಮಗೆ ಗೊತ್ತಿತ್ತು."

"ಗೊತ್ತಿತ್ತು."

"ಹಾಗಿದ್ದ ಮೇಲೆ ಕಣ್ತಪ್ಪು ಹೇಗಾಯಿತಮ್ಮ?"

ನಾನು ಭಾಗ್ಯಳ ಕಡೆ ನೋಡಲಿಲ್ಲ. ಗೋಡೆಯ ಗಡಿಯಾರ ನೋಡಿದೆ. ಹನ್ನೊಂದು ಹತ್ತು.

"ಅವಸರದಲ್ಲಿದ್ದೆ" ಎಂದೆ.

ಬೆರಳಚ್ಚಿನವನು ಅದನ್ನು ಬಡಿದ. ನ್ಯಾಯಾಧೀಶರು ಸಾಕು ಎಂದರು. ನನ್ನ ಕೈಯಿಂದ ಆ ಹಾಳೆಗೆ ರುಜು ಹಾಕಿಸಿದರು. ತೀರ್ಪಿಗೆ ಇನ್ನೂ ದಿನವಿದೆ. ಬಂದರೂ ಸುಮೇಧಾಗೆ ಆ ದೊಡ್ಡ ಶಾಲೆಗಳು ಇನ್ನು ಬೇಕಿಲ್ಲವಂತೆ, ಹಾಸನದಲ್ಲೇ ಮುಗಿಸುತ್ತಾಳಂತೆ. ಹಾಗೆ ಹೇಳುವಾಗ ಅವಳು ನನ್ನನ್ನು ಸಮಾಧಾನಪಡಿಸುತ್ತಿದ್ದಾಳೋ, ನಿಜವೋ ತಿಳಿಯುವುದಿಲ್ಲ. ಕೇಳುವ ಧೈರ್ಯವಿಲ್ಲ.

ಹೊರಗೆ ಕೋರ್ಟಿನ ಮೆಟ್ಟಿಲ ಮೇಲೆ ಅವಳು ನನ್ನ ಕೈಚೀಲ ತೆಗೆದುಕೊಂಡಳು.

"ಏನಂದ್ರು ಅಂತ ಅಮ್ಮಂಗೆ ಫೋನ್ ಮಾಡ್ತೀನಿ" ಎಂದು ಎರಡು ಮೆಟ್ಟಿಲು ಇಳಿದು ನಿಂತಳು. "ಅಜ್ಜಿ, ನೀನು ಯಾವತ್ತು ಅವಸರದಲ್ಲಿದ್ದೆ?"

"ಬರ್ಕೊಂಡಿದ್ದೀಯಾ ಅದನ್ನ?"

"ಇಲ್ಲ" ಎಂದಳು. ಮೊಸಳೆಯ ಬಸ್ಸಿಗೆ ಹೊತ್ತಾಗಿತ್ತು.

ನಾಗಪುರಕ್ಕೆ ಬಂದ ಮರುದಿನ, ಏಳು ಗಂಟೆಗೆ, ತರಕಾರಿಗೆ ಹೋದೆ. ಆರೇಳು ವರ್ಷಗಳಿಂದ ಅದೇ ಗಾಡಿ, ಅದೇ ಮನುಷ್ಯ. ಅವನು ನೆತ್ತಿಗೆ ಒದ್ದೆ ಬಟ್ಟೆ ಸುತ್ತಿಕೊಂಡಿದ್ದ. "ಜೈಭೀಮ್ ಆಜಿ, ಗಾವಾಲಾ ಗೇಲ್ಯಾ ಹೋತ್ಯಾ?" ಎಂದ. ಊರಿಗೆ ಹೋಗಿದ್ದಿರಾ ಎಂದು ಅರ್ಥ. ಹೌದು ಎಂದೆ. ಊರಿನಿಂದ ಈಗ ತಾನೇ ಬಂದೆ ಎನ್ನಬೇಕೋ, ಊರಿಗೆ ಬಂದೆ ಎನ್ನಬೇಕೋ ಎಂದು ಒಂದು ಕ್ಷಣ ನಿಂತೆ. ಇಷ್ಟು ವರ್ಷಗಳಲ್ಲಿ ಅವನ ನಮಸ್ಕಾರಕ್ಕೆ ಅಷ್ಟೇ ಗಟ್ಟಿಯಾಗಿ ಮರುನಮಸ್ಕಾರ ಹೇಳಲು ಕಲಿತಿದ್ದೆ. ಅಂದೂ ಹೇಳಿದೆ. ದನಿ ಮಾತ್ರ ಬಾಗಿಲು ಹಾಕಿಕೊಂಡ ಕೋಣೆಯಲ್ಲಿ ಹೇಳಿದಷ್ಟೇ ಬಂತು. ಅವನಿಗೆ ಕೇಳಿಸಿತೋ ಇಲ್ಲವೋ. ಬೆಂಡೆಕಾಯಿ ತೂಗಿ, ಮೇಲೆ ಒಂದು ಈರುಳ್ಳಿ ಹಾಕಿದ.